ಕೋವಿಗೊಂದು ರಸೀದಿ

ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಲಾಂಡ್ರಿ ಇದೆ. ದೋಹಾದ ಅಲ್ ಸದ್ದ್‌ನಲ್ಲಿ ಯಾವ ಬಿಲ್ಡಿಂಗಿನ ಕೆಳಗೆ ಲಾಂಡ್ರಿ ಇಲ್ಲ ಹೇಳಿ! ನಮ್ಮ ಲಾಂಡ್ರಿಯವರು ಕಣ್ಣೂರಿನವರು, ಎಲ್ಲರಿಗೂ ಇಕ್ಕ, ಅಂದರೆ ಅಣ್ಣ. ನಮ್ಮ ಮನೆಯ ಒಂದೊಂದು ಅಂಗಿಯೂ ಅವರಿಗೆ ಗೊತ್ತು, ಯಾವ ಅಂಗಿಯ ಯಾವ ಗುಂಡಿ ಬದಲಾಗಿದೆ ಎಂಬುದೂ ಗೊತ್ತು. ಆದರೂ ಬಟ್ಟೆ ಕೊಟ್ಟ ಮೇಲೆ ನಾನು ಕೌಂಟರಿನ ಮುಂದಿನಿಂದ ಕದಲುವುದಿಲ್ಲ, ಕೈ ಚಾಚಿ ನಿಲ್ಲುತ್ತೇನೆ. "ರಸೀದಿ ಎಂಥಕ್ಕೆ ಚೇಚೀ, ಈ ಎರಡು ಪ್ಯಾಂಟು ಹಿಡಿದುಕೊಂಡು ನಾನು ಎಲ್ಲಿಗೆ ಓಡಲಿ?" ಎಂದು ಮಲಯಾಳದಲ್ಲಿ ಗೊಣಗುತ್ತಾ ಅವರು ಚೀಟಿ ಹರಿದು ಕೊಡುತ್ತಾರೆ. ನನ್ನ ಗಂಡ ಆಲ್ವಿನ್ ಅಷ್ಟು ಹೊತ್ತೂ ನನಗೂ ತನಗೂ ಸಂಬಂಧವೇ ಇಲ್ಲ ಎಂಬಂತೆ ಹೊರಗೆ ನಿಂತು ಮೊಬೈಲ್ ನೋಡುತ್ತಾನೆ. ಮದುವೆಯ ದಿನ ಉಂಗುರ ತೊಡಿಸಿದ್ದಕ್ಕೂ ನಾನು ರಸೀದಿ ಕೇಳಿದ್ದೆ ಎಂದು ಬಂದವರ ಹತ್ತಿರವೆಲ್ಲ ಹೇಳುತ್ತಾನೆ. ಶುದ್ಧ ಸುಳ್ಳು. ಇಗರ್ಜಿಯ ರಿಜಿಸ್ಟರಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಿದ್ದೆ, ಅಷ್ಟೇ.

ಹೊಟ್ಟೆಪಾಡಿಗೂ ಇದೇ ಕೆಲಸ. ಊರಾಚೆ ಮೆಸಯೀದ್‌ನ ಒಂದು ಕಾರ್ಖಾನೆಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಇಂಜಿನಿಯರುಗಳು ಕಳಿಸುವ ನಕ್ಷೆ, ಕಾಗದ, ಪತ್ರ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗಬೇಕು. ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಯಾವಾಗ, ಯಾಕೆ — ನಾಲ್ಕು ಕಾಲಮ್ಮು ತುಂಬಿಸಿ ಮೊಹರು ಒತ್ತುವುದು ನನ್ನ ಕೆಲಸ. 'ಯಾಕೆ' ಎಂಬ ಕಾಲಮ್ಮನ್ನು ಎಲ್ಲರೂ ಖಾಲಿ ಬಿಡುತ್ತಾರೆ. ನಾನು ಬಿಡುವುದಿಲ್ಲ. ಇಡೀ ಆಫೀಸು ನನ್ನನ್ನು ಬೈಯುವುದು ಅದಕ್ಕೇ.

ಈ ರೋಗ ನನಗೆ ಅಂಟಿದ್ದು ಪೊಲೀಸ್ ಸ್ಟೇಶನ್ನಿನಲ್ಲಿ. ಗಾಬರಿ ಬೇಡ, ಪೂರ್ತಿ ಕೇಳಿ.

ಕಾರ್ಕಳದ ಹತ್ತಿರದ ನಮ್ಮ ಮನೆಯಲ್ಲಿ ಪಪ್ಪನದೊಂದು ಒಂಟಿನಳಿಗೆ ಕೋವಿ ಇತ್ತು. ಗದ್ದೆಗೆ ಬರುವ ಹಂದಿ, ತೆಂಗಿನಮರಕ್ಕೆ ಬರುವ ಮಂಗ, ಇವುಗಳಿಂದ ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಲೈಸೆನ್ಸಿನ ಕೋವಿ. ಪಪ್ಪ ಅದಕ್ಕೆ ಭಾನುವಾರ ಭಾನುವಾರ ತೆಂಗಿನೆಣ್ಣೆ ಹಚ್ಚಿ ಒರೆಸುತ್ತಿದ್ದರು. ನಮ್ಮ ತಲೆಗೂ ಅದೇ ಎಣ್ಣೆ, ಅದೇ ಭಾನುವಾರ. ಹಾಗಾಗಿ ಇಗರ್ಜಿಯ ಪೂಜೆಗೆ ಹೊರಟಾಗ ನಾನೂ ಅಣ್ಣ ಲ್ಯಾನ್ಸಿಯೂ ಕೋವಿಯೂ ಒಂದೇ ವಾಸನೆ ಬರುತ್ತಿದ್ದೆವು. ಇಷ್ಟೆಲ್ಲ ಆರೈಕೆ ಮಾಡಿದರೂ ಆ ಕೋವಿ ನಿಜವಾಗಿ ಹೊಡೆದುರುಳಿಸಿದ್ದು ನಮ್ಮದೇ ಕೊಟ್ಟಿಗೆಯ ಮೂರು ಹಂಚುಗಳನ್ನು ಮಾತ್ರ. ಮಂಗ ಮರದ ಮೇಲೆ ಕೂತು ನೋಡುತ್ತಿತ್ತು.

ಚುನಾವಣೆ ಬಂತೆಂದರೆ ಊರಿನ ಲೈಸೆನ್ಸಿನ ಕೋವಿಗಳೆಲ್ಲ ಸ್ಟೇಶನ್ನಿಗೆ ಹೋಗಿ ಕೂರಬೇಕು. ಫಲಿತಾಂಶ ಬಂದು ಗಲಾಟೆ ತಣ್ಣಗಾದ ಮೇಲೆ ವಾಪಸು. ಪಂಚಾಯತಿ, ಅಸೆಂಬ್ಲಿ, ಪಾರ್ಲಿಮೆಂಟು, ಯಾವುದಾದರೂ ಸರಿ. ಪಪ್ಪ ಬಿಳಿ ಅಂಗಿ ಹಾಕಿ, ಕೋವಿಯನ್ನು ಹಳೆಯ ಹೂವಿನ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ನನ್ನನ್ನೂ. ಸ್ಟೇಶನ್ನಿನ ಅಂಗಳದಲ್ಲಿ ಚಾಪೆಯಲ್ಲಿ ಸುತ್ತಿದ್ದು, ಗೋಣಿಯಲ್ಲಿ ಸುತ್ತಿದ್ದು, ಹೆಂಡತಿಯ ಸೀರೆಯಲ್ಲಿ ಸುತ್ತಿದ್ದು ಎಂದು ಕೋವಿಗಳ ಸಾಲು. ಅಂಗಿ ಇಸ್ತ್ರಿ ಮಾಡಿಕೊಂಡು ಬಂದ ಗಂಡಸರ ಸಾಲು. ಹೆರಿಗೆಗೆ ಮಗಳನ್ನು ಆಸ್ಪತ್ರೆಗೆ ಬಿಡಲು ಬಂದವರಷ್ಟು ಗಂಭೀರ ಮುಖ ಎಲ್ಲರದೂ. ಒಳಗೆ ಬರವಣಿಗೆ ನೋಡುವ ಪೊಲೀಸ್, ಅವರನ್ನು ರೈಟರ್ ಎನ್ನುವುದು, ಕೋವಿಗೆ ಚೀಟಿ ಕಟ್ಟಿ ರಸೀದಿ ಬರೆಯುತ್ತಿದ್ದರು. ಪಪ್ಪ ಅದನ್ನು ಎರಡು ಸಲ ಓದಿ, ಮಡಚಿ, ಪ್ರಾರ್ಥನೆ ಪುಸ್ತಕದೊಳಗೆ ಇಡುತ್ತಿದ್ದರು. "ನೋಡು ಜೆಸಿಂತಾ, ಮನುಷ್ಯ ಏನನ್ನೂ ಬಿಟ್ಟುಕೊಡಬಹುದು. ರಸೀದಿ ಇರಬೇಕು."

ಆ ಮಾತು ನನ್ನ ತಲೆಯೊಳಗೆ ಹೊಕ್ಕು ಕೂತದ್ದು ಇವತ್ತಿಗೂ ಎದ್ದಿಲ್ಲ.

ಇದೆಲ್ಲ ನೆನಪಾಗಲು ಕಾರಣ ಮಿಸ್ಟರ್ ಡೇಲ್. ನಮ್ಮ ಕಾರ್ಖಾನೆಯ ಅಮೆರಿಕದ ಇಂಜಿನಿಯರ್, ಒಕ್ಲಹೋಮದವನು. ಹೆಂಡತಿ, ಮಗಳ ಜೊತೆ ದೋಹಾದ ಅಬು ಹಮೂರಿನಲ್ಲಿ ವಿದೇಶಿಗಳ ಒಂದು ಕಾಂಪೌಂಡಿನಲ್ಲಿ ಮನೆ. ನಕ್ಷೆ ಕೊಡಲು ಬಂದಾಗಲೆಲ್ಲ ನನ್ನ ಮೊಹರನ್ನು ತಾನೇ ಎತ್ತಿ ಟಪ್ಪೆಂದು ಒತ್ತಿ, "ಯಲ್ಲಾ, ಜೆಸಿ!" ಎಂದು ಅರಬರ ಹಾಗೆ 'ನಡಿ ನಡಿ' ಹೇಳಿ ಹೋಗುವ ಗಟ್ಟಿ ಗಂಟಲಿನ ಆಸಾಮಿ. ಒಂದು ದಿನ ಮೊಹರು ಮುಟ್ಟಲೇ ಇಲ್ಲ. ರಜೆಯನ್ನು ಎರಡು ತಿಂಗಳು ಮುಂಚೆಯೇ ಕೊಡಿ ಎಂಬ ಅರ್ಜಿ ಮೇಜಿನ ಮೇಲಿಟ್ಟ. 'ಯಾಕೆ' ಎಂಬ ಕಾಲಮ್ಮು ಖಾಲಿ.

"ಇದನ್ನು ಬರೆಯದೆ ನಾನು ತೆಗೆದುಕೊಳ್ಳುವುದಿಲ್ಲ," ಎಂದೆ. ಸುಮ್ಮನಿರಲು ಬರುವುದಿಲ್ಲ ನೋಡಿ ನನಗೆ.

ಅವನು ಕುರ್ಚಿ ಎಳೆದು ಕೂತ. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು. ಇಲ್ಲಿ ಅವನು ಕಾರ್ಕಳದವನ ಹಾಗೆ ಕೇಳಿಸಿದರೆ ಅದು ನನ್ನ ತಪ್ಪು.

"ಏನಂತ ಬರೆಯಲಿ ಜೆಸಿ? ಅಪ್ಪನ ಕೋವಿ ಕಸಿದುಕೊಳ್ಳಲು ಅಂತ ಬರೆಯಲಾ?"

ಡೇಲ್‌ನ ಅಪ್ಪನಿಗೆ ಎಂಬತ್ತು ದಾಟಿದೆ, ಮರೆವು ಶುರುವಾಗಿದೆ. ಎರಡು ಬೀದಿ ಆಚೆ ಇರುವ ಮಗಳು, ಅಂದರೆ ಡೇಲ್‌ನ ತಂಗಿ, ದಿನವೂ ಊಟ ಕಳಿಸುತ್ತಾಳೆ. ಹೋದ ವಾರ ಅಳಿಯ ಹಿಂಬಾಗಿಲಿನಿಂದ ಸೂಪು ಹಿಡಿದುಕೊಂಡು ಬಂದನಂತೆ. ಮುದುಕರು ಗುರುತು ಸಿಗದೆ, ಕಳ್ಳನೆಂದು ಕೋವಿ ಎತ್ತಿ ಎದೆಗೇ ಗುರಿ ಇಟ್ಟರಂತೆ. ಪಾಪ, ಆ ಅಳಿಯ ಪಾತ್ರೆ ಹಿಡಿದುಕೊಂಡೇ ಎರಡೂ ಕೈ ಮೇಲೆತ್ತಿದ. ಸೂಪೆಲ್ಲ ತಲೆಯ ಮೇಲೆ. ಆ ಗಡಿಬಿಡಿಯಲ್ಲಿ ಅವರಿಗೆ ಗುರುತು ಸಿಕ್ಕಿತು, ಜೀವ ಉಳಿಯಿತು. ಮಗಳು ಅಳುತ್ತಾ ಬಂದು ಕೋವಿಗಳನ್ನು ಕೊಡಿ ಎಂದಳು. ಅಪ್ಪ ಅವಳನ್ನೇ ಮನೆಯಿಂದ ಹೊರಗೆ ಹಾಕಿದರು.

"ಕಾರಿನ ಕೀ ಕೊಡು ಅಂದಾಗ ಕೊಟ್ಟರು," ಎಂದ ಡೇಲ್. "ಕೋವಿ ಕೊಡು ಅಂದರೆ ನೀನು ಇನ್ನು ಗಂಡಸಲ್ಲ ಅಂದ ಹಾಗೆ."

ನಾನು ಕೆಟ್ಟ ಬಾಯಿಯವಳು. "ಅಷ್ಟು ಸಣ್ಣ ಕಬ್ಬಿಣದ ತುಂಡಿನಲ್ಲಾ ನಿಮ್ಮ ಗಂಡಸುತನ ಇರುವುದು?" ಎಂದುಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಅವನ ಹನ್ನೆರಡನೆಯ ಹುಟ್ಟುಹಬ್ಬಕ್ಕೆ ಅಜ್ಜ ಕೊಟ್ಟದ್ದು ರೈಫಲ್ಲಂತೆ. ನಮ್ಮ ಮನೆಗಳಲ್ಲಿ ಕಪ್ಪು, ಬಸಿ, ಮಕ್ಕಳ ಮೆಡಲು ಇಡುವ ಶೋಕೇಸಿನ ಹಾಗೆ ಅವರ ಚಾವಡಿಯಲ್ಲಿ ಗಾಜಿನ ಕಪಾಟು, ಒಳಗೆ ಮೂರು ತಲೆಮಾರಿನ ಐದು ಕೋವಿಗಳು. ಅಪ್ಪ ತನ್ನ ಜೊತೆ ಬಾಯಿಬಿಟ್ಟು ಮಾತಾಡಿದ್ದೇ ಕೋವಿ ಒರೆಸುತ್ತಾ ಕೂತಾಗ ಎಂದ. ಅವನ ತಂಗಿಗೆ ಅದೇ ಕಪಾಟು ಕಂಡರಾಗದು. ಆ ಮನೆಯೊಳಗೆ ತನ್ನ ಮಕ್ಕಳನ್ನು ಒಂದು ರಾತ್ರಿಯೂ ಮಲಗಲು ಬಿಟ್ಟವಳಲ್ಲ.

"ನೀನು ಯಾರ ಕಡೆ?" ಎಂದು ಕೇಳಿದೆ.

"ನಾವು ದೋಹಾಕ್ಕೆ ಬಂದಾಗ ಮಗಳಿಗೆ ಆರು ವರ್ಷ. ಮೊದಲ ದಿನ ಶಾಲೆಯಿಂದ ಬಂದು ಏನು ಕೇಳಿದಳು ಗೊತ್ತಾ? ಇಲ್ಲಿ ನಾವು ಅಡಗಿಕೊಳ್ಳುವ ಜಾಗ ಯಾವುದು ಅಂತ ಟೀಚರ್ ಹೇಳಲೇ ಇಲ್ಲ ಡ್ಯಾಡಿ, ಅಂದಳು. ಅಲ್ಲಿ ಶಾಲೆಯಲ್ಲಿ ಅದನ್ನೂ ಕಲಿಸುತ್ತಾರೆ, ಯಾರಾದರೂ ಕೋವಿ ಹಿಡಿದು ಬಂದರೆ ಎಲ್ಲಿ ಅಡಗಬೇಕು ಅಂತ. ಆವತ್ತಿನಿಂದ ನಾನು ಯಾರ ಕಡೆ ಅಂತ ನನಗೇ ಗೊತ್ತಿಲ್ಲ ಜೆಸಿ. ನನ್ನ ರೈಫಲ್ ನನಗೆ ಇಷ್ಟ. ಆ ಪ್ರಶ್ನೆ ಕೇಳಿದ ಮಗಳೂ ನನ್ನವಳೇ."

ನನ್ನ ಮಗ ಶಾಲೆಯಿಂದ ಬಂದು ಕೇಳುವುದು ತಿನ್ನಲಿಕ್ಕೆ ಏನುಂಟು ಎಂದು ಮಾತ್ರ. ಸಂಕಟ ತಡೆಯಲಾಗದೆ, ಯಾವತ್ತೂ ಹೊರಗಿನವರಿಗೆ ಹೇಳದ ನಮ್ಮ ಮನೆಯ ಗುಟ್ಟನ್ನು ಅವನಿಗೆ ಹೇಳಿದೆ.

ನನ್ನ ಪಪ್ಪನಿಗೂ ಒಂದೂವರೆ ವರ್ಷದ ಹಿಂದೆ ಹೀಗೆಯೇ ಶುರುವಾಗಿತ್ತು. ಅಣ್ಣನ ಮಕ್ಕಳ ಹೆಸರು ಅದಲುಬದಲು, ಊಟ ಮಾಡಿ ಎದ್ದವರೇ ಊಟ ಆಯಿತಾ ಎಂಬ ಪ್ರಶ್ನೆ. ನಾವು ನಗುತ್ತಿದ್ದೆವು. ಒಂದು ಮಧ್ಯಾಹ್ನ ಮನೆಯ ಮುಂದಿನ ಕಂಬಕ್ಕೆ ಕರೆಂಟಿನವನು ಹತ್ತಿದ್ದ. ಪಪ್ಪ ಮಂಗನೆಂದು ಕೋವಿ ತಂದು ಗುರಿ ಹಿಡಿದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬುಗಳು ಎನ್ನುವುದು. ಆ ಬಡಪಾಯಿ ಕಂಬದ ತುದಿಯಿಂದ, "ಪೊರ್ಬುಲೇ! ನಾನು ಮಾರಾಯ್ರೇ! ಲೈನ್‌ಮ್ಯಾನ್ ಸುರೇಶ!" ಎಂದು ಊರಿಗೇ ಕೇಳುವ ಹಾಗೆ ಬೊಬ್ಬೆ ಹೊಡೆದ. ಅಣ್ಣ ಓಡಿ ಬಂದು ನಳಿಗೆಯನ್ನು ಮೇಲಕ್ಕೆ ತಳ್ಳಿದ.

ಆ ರಾತ್ರಿಯ ಊಟಕ್ಕೆ ಅಣ್ಣ ಕೋವಿ ಕೊಟ್ಟುಬಿಡುವ ಮಾತೆತ್ತಿದ್ದೇ ತಡ, ಪಪ್ಪ ಬಟ್ಟಲು ಎಸೆದರು. ಮೂರು ದಿನ ಯಾರ ಜೊತೆಗೂ ಮಾತಿಲ್ಲ. ನಾಲ್ಕನೆಯ ದಿನ ಮಾಯ್, ಅಂದರೆ ನಮ್ಮ ಅಮ್ಮ, ಗಂಜಿ ಬಡಿಸುತ್ತಾ ಯಾರಿಗೋ ಹೇಳುವವಳಂತೆ ಹೇಳಿದಳು. "ಎಲೆಕ್ಷನ್ ಬಂತಂತೆ. ಕೋವಿ ಎಲ್ಲ ಸ್ಟೇಶನ್ನಿಗೆ ಕೊಡ್ಲಿಕ್ಕುಂಟಂತೆ."

ಯಾವ ಎಲೆಕ್ಷನ್ನೂ ಬಂದಿರಲಿಲ್ಲ. ಹತ್ತಿರದಲ್ಲಿ ಬರುವುದೂ ಇರಲಿಲ್ಲ. ಪಪ್ಪ ಗಂಜಿ ಮುಗಿಸಿ, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, "ಆ ಹೂವಿನ ಬೆಡ್‌ಶೀಟು ಎಲ್ಲುಂಟು?" ಎಂದು ಕೇಳಿದರು. ಅಣ್ಣ ಮೊದಲೇ ಸ್ಟೇಶನ್ನಿಗೆ ಹೋಗಿ ರೈಟರ್ ಹತ್ತಿರ ವಿಷಯ ಹೇಳಿ, ಕೈಮುಗಿದು ಬಂದಿದ್ದ. ಆಟೋದಲ್ಲಿ ಕರೆದುಕೊಂಡು ಹೋದ. ಪಪ್ಪ, "ಲೈಸೆನ್ಸ್ ನನ್ನ ಹೆಸರಲ್ಲಿ ಇರುವುದು, ನೀನು ಇಲ್ಲೇ ಕೂತ್ಕೋ," ಎಂದು ಒಬ್ಬರೇ ಒಳಗೆ ಹೋಗಿ, ಕೋವಿ ಕೊಟ್ಟು, ರಸೀದಿ ತಂದರು. ಪ್ರಾರ್ಥನೆ ಪುಸ್ತಕದೊಳಗೆ ಇಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ಎಲೆಕ್ಷನ್ ಮುಗಿದಿಲ್ಲ. "ರಿಸಲ್ಟ್ ಬಂತಾ?" ಎಂದು ಪಪ್ಪ ಕೇಳುತ್ತಾರೆ. "ಇಲ್ಲ, ಮುಂದೆ ಹಾಕಿದ್ದಾರಂತೆ," ಎನ್ನುತ್ತಾಳೆ ಮಾಯ್. "ಎಂಥ ಸರ್ಕಾರ ಮಾರಾಯ್ತಿ ಇದು!" ಎಂದು ಪಪ್ಪ ಬೈದು ಸುಮ್ಮನಾಗುತ್ತಾರೆ. ಶುಕ್ರವಾರದ ಫೋನಿನಲ್ಲಿ ನನ್ನನ್ನೂ ಕೇಳುತ್ತಾರೆ. ಎಣಿಕೆ ನಡೀತಾ ಉಂಟು ಪಪ್ಪಾ ಎನ್ನುತ್ತೇನೆ. ಪ್ರತಿ ಕಾಗದಕ್ಕೂ ಯಾಕೆ ಎಂದು ಕೇಳುವ ನಾನು ಹೆತ್ತ ಅಪ್ಪನಿಗೆ ವಾರವಾರ ಸುಳ್ಳು ಹೇಳುತ್ತಿದ್ದೆ. ಆದರೆ ಸುರೇಶ ಕಂಬ ಹತ್ತಿ ಇಳಿದು ಮನೆಗೆ ಹೋಗುತ್ತಿದ್ದಾನೆ, ಅದೂ ಮುಖ್ಯ.

ಡೇಲ್ ಬಾಯಿ ತೆರೆದುಕೊಂಡು ಕೇಳಿದ. ಅವನಿಗೆ ಅಚ್ಚರಿಯಾದದ್ದು ಮಾಯ್‌ಯ ಸುಳ್ಳಿಗಲ್ಲ.

"ಎಲೆಕ್ಷನ್ ಬಂದರೆ ನಿಮ್ಮಲ್ಲಿ ಜನ ನಿಜವಾಗಿಯೂ ತಾವಾಗಿ ಹೋಗಿ ಕೋವಿ ಕೊಡುತ್ತಾರಾ? ಜಗಳ ಮಾಡುವುದಿಲ್ಲವಾ?"

"ಮಾಡ್ತಾರೆ. ಸಾಲಿನಲ್ಲಿ ಮೊದಲು ಯಾರು ಅಂತ."

"ನಮ್ಮಲ್ಲಿ ಎಲೆಕ್ಷನ್ ಬಂದರೆ ಕೋವಿ ಅಂಗಡಿಯಲ್ಲಿ ರಶ್ಶು. ಇನ್ನು ನಾನು ಹೋಗಿ, ಅಪ್ಪಾ, ಸರ್ಕಾರ ಕೋವಿ ಕೇಳುತ್ತಿದೆ ಅಂದರೆ ಅವರು ಐದಕ್ಕೂ ಗುಂಡು ತುಂಬಿಸಿ ಬಾಗಿಲ ಹತ್ತಿರ ಕೂರುತ್ತಾರೆ!" ಎಂದು ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಮಾಯ್‌ಯ ಎಲೆಕ್ಷನ್ ಒಕ್ಲಹೋಮದಲ್ಲಿ ನಡೆಯುವುದಿಲ್ಲ ಎಂದಾದ ಮೇಲೆ ಬೇರೆ ಸುಳ್ಳು ಹುಡುಕಲು ಕೂತೆವು. ಗೆದ್ದಲು ಬಂದಿದೆ ಎನ್ನೋಣವೇ, ಕಪಾಟಿಗೆ ಪೇಂಟು ಎನ್ನೋಣವೇ. ನನ್ನ ತಲೆ ಸುಳ್ಳಿನ ವಿಷಯದಲ್ಲಿ ಎಷ್ಟು ಚುರುಕಾಗಿ ಓಡಿತೆಂದರೆ ನನಗೇ ಗಾಬರಿಯಾಯಿತು. ಕೊನೆಗೆ ಡೇಲ್, "ಆ ರಸೀದಿ ಹೇಗಿರುತ್ತದೆ, ನೋಡಬಹುದಾ?" ಎಂದ. ಅಣ್ಣನಿಗೆ ಮೆಸೇಜು ಹಾಕಿದೆ. ಪಪ್ಪ ಮಲಗಿದ್ದಾಗ ಪ್ರಾರ್ಥನೆ ಪುಸ್ತಕದಿಂದ ತೆಗೆದು ಫೋಟೋ ಕಳಿಸು ಎಂದು.

ಇಲ್ಲಿ ವಾರದ ರಜೆಯೂ ಪೂಜೆಯೂ ಶುಕ್ರವಾರ. ಆ ಶುಕ್ರವಾರ ಅಬು ಹಮೂರಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಕಾರು ಹುಡುಕುತ್ತಿದ್ದೆವು. ಅಂದು ಒಳಗೆ ಹೋಗುವಾಗಲೇ ಒಂದು ಪ್ರಹಸನವಾಗಿತ್ತು. ಮಗನ ಚೀಲದಲ್ಲಿ ನೀರಿನ ಪಿಸ್ತೂಲು ಸಿಕ್ಕಿ, ಗೇಟಿನ ಕಾವಲಿನವನು ಅದನ್ನು ತೆಗೆದಿಟ್ಟುಕೊಂಡ. ನಾನು ಕೈ ಚಾಚಿ ನಿಂತೆ. ಆಲ್ವಿನ್ ತಲೆ ಚಚ್ಚಿಕೊಂಡ. ಕಾವಲಿನವನು ನಗುತ್ತಾ ಒಂದು ಟೋಕನ್ನು ಕೊಟ್ಟ. ಈಗ ಟೋಕನ್ನು ಕೊಟ್ಟು ಪಿಸ್ತೂಲು ಬಿಡಿಸಿಕೊಂಡು ಬರುವಷ್ಟರಲ್ಲಿ ಅಣ್ಣನ ಫೋಟೋ ಬಂತು.

ಅಣ್ಣ ಯಾವ ಕಾಗದವನ್ನೂ ಓದುವವನಲ್ಲ, ತೆಗೆದ, ಕಳಿಸಿದ. ನಾನು ಓದದೆ ಬಿಡುವವಳಲ್ಲ. ಹೆಸರು, ಊರು, ಕೋವಿಯ ನಂಬರು, ರೈಟರ್ ಸಹಿ ಎಲ್ಲ ಸರಿ ಇತ್ತು. ಕಾರಣ ಎಂಬಲ್ಲಿ ಪ್ರತಿ ಸಲ ಬರೆಯುವ 'ಚುನಾವಣೆ ನಿಮಿತ್ತ' ಇರಲಿಲ್ಲ. 'ವಯಸ್ಸಾದ ಕಾರಣ ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ. ಹಿಂದಕ್ಕೆ ಬೇಡ' ಎಂದಿತ್ತು. ರೈಟರ್ ಅಕ್ಷರವಲ್ಲ. ಪಪ್ಪನ ದುಂಡು ಅಕ್ಷರ, ಕೆಳಗೆ ಪಪ್ಪನ ಸಹಿ.

ಕಾರಿನ ಬಿಸಿಗೆ ಒರಗಿ ನಿಂತೇ ಮನೆಗೆ ಫೋನ್ ಮಾಡಿದೆ. ಪಪ್ಪನಿಗೆ ಕೆಲವು ದಿನ ಮೋಡ, ಕೆಲವು ದಿನ ಬಿಸಿಲು. ಅಂದು ಬಿಸಿಲಿನ ದಿನ.

"ಪಪ್ಪಾ, ನಿಮಗೆ ಗೊತ್ತಿತ್ತಾ?"

"ಎಂತದ್ದು?"

"ಎಲೆಕ್ಷನ್ ಇಲ್ಲ ಅಂತ."

"ಪೇಪರ್ ಓದ್ಲಿಕ್ಕೆ ಇನ್ನೂ ಬರ್ತದೆ ನನಗೆ," ಎಂದರು. ಆಮೇಲೆ ದನಿ ತಗ್ಗಿಸಿದರು. "ಆ ಕಂಬದ ಹುಡುಗನ ಮುಖ ಕಣ್ಣಿಂದ ಹೋಗುವುದಿಲ್ಲ ಜೆಸಿಂತಾ. ಕೊಡ್ಬೇಕು ಅಂತ ನನಗೇ ಉಂಟು. ಹೇಗೆ ಕೊಡುದು? ಮಗ ಕೇಳಿದಾಗ ಕೊಟ್ರೆ ಸೋತ ಹಾಗೆ. ನಿನ್ನ ಮಾಯ್ ಪಾಪ, ನನ್ನ ಮರ್ಯಾದೆಗೋಸ್ಕರ ಒಂದು ಎಲೆಕ್ಷನ್ನೇ ನಡೆಸಿದ್ದಾಳೆ. ಗೆಲ್ಲಲಿ ಬಿಡು."

"ಮತ್ತೆ ರಿಸಲ್ಟ್ ಬಂತಾ ಅಂತ ಯಾಕೆ ಕೇಳುದು?"

"ಕೇಳದಿದ್ರೆ ಅವಳಿಗೆ ಹೆದರಿಕೆ ಆಗ್ತದೆ. ನಾನು ಪೂರ್ತಿ ಮರ್ತೆ ಅಂತ."

ನನಗೆ ಅಳು ಬಂತು. ನಗುವೂ ಬಂತು. ಎರಡನ್ನೂ ಒಟ್ಟಿಗೆ ಮಾಡುತ್ತಿದ್ದ ನನ್ನನ್ನು ನೋಡಿ ಆಲ್ವಿನ್ ನೀರಿನ ಬಾಟಲಿ ತಂದುಕೊಟ್ಟ. ಪುಣ್ಯಾತ್ಮ, ಏನೂ ಕೇಳಲಿಲ್ಲ.

ಭಾನುವಾರ ಆಫೀಸು ತೆರೆದದ್ದೇ ಡೇಲ್‌ನನ್ನು ಕರೆದೆ. "ಖಲಾಸ್. ಸುಳ್ಳು ಬೇಡ," ಎಂದು ಫೋಟೋ ತೋರಿಸಿ, ಆ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಆ ಅಕ್ಷರಗಳನ್ನೇ ನೋಡುತ್ತಾ ಕೂತ. ಕನ್ನಡದ ಒಂದಕ್ಷರವೂ ಬಾರದವನು.

"ನನ್ನ ಅಪ್ಪನಿಗೂ ಗೊತ್ತಿರಬಹುದು ಅನ್ನುತ್ತೀಯಾ?"

"ಗೊತ್ತಿಲ್ಲ. ಕಸಿಯಬೇಡ, ಕೇಳಿ ನೋಡು. ಆದರೆ ಕೈಬೀಸಿಕೊಂಡು ಹೋಗಿ ಕೇಳಬೇಡ." ನನ್ನ ಫಾರಮ್ಮಿನ ಪುಸ್ತಕದಿಂದ ಮೂರು ಹಾಳೆ ಹರಿದು ಕೊಟ್ಟೆ. "ಒಂದು ಅವರಿಗೆ, ಒಂದು ನಿನ್ನ ತಂಗಿಗೆ, ಒಂದು ನಿನಗೆ. ನಾಲ್ಕೂ ಕಾಲಮ್ಮು ತುಂಬಿಸು." ಕಂಪನಿಯ ಫಾರಮ್ಮನ್ನು ಹೊರಗೆ ಕೊಡುವಂತಿಲ್ಲ. ಇಷ್ಟು ವರ್ಷದಲ್ಲಿ ನಾನು ಮಾಡಿದ ಒಂದೇ ಕಾನೂನುಭಂಗ ಇದು.

ಅವನು ರಜೆಯಲ್ಲಿದ್ದ ಮೂರು ವಾರ ನನ್ನ ಬಾಯಿಗೆ ರುಚಿ ಇರಲಿಲ್ಲ. ನಾನು ಹೇಳಿದ್ದು ಕೆಟ್ಟು, ಮುದುಕರು ಇವನನ್ನೂ ಹೊರಗೆ ಹಾಕಿದ್ದರೆ? ಸುಳ್ಳೇ ಒಳ್ಳೆಯದಿತ್ತೇನೋ? ಮತ್ತೆ ಆ ಅಳಿಯ ಸೂಪು ಹಿಡಿದು ಹೋದರೆ? ಕಂಪನಿ ಬಸ್ಸಿನಲ್ಲಿ ಹೋಗುವಾಗ ಮರುಭೂಮಿ ನೋಡುತ್ತಾ ಜಪಮಾಲೆ ಎಣಿಸಿದೆ, ಕಂಡು ಕೇಳಿರದ ಒಕ್ಲಹೋಮದ ಒಬ್ಬ ಮುದುಕನಿಗಾಗಿ.

ಡೇಲ್ ಬಂದವನೇ ಹಾಳೆಯೊಂದನ್ನು ಮೇಜಿನ ಮೇಲಿಟ್ಟ. ಎರಡು ದಿನ ಅಪ್ಪ ಆ ಫಾರಮ್ಮನ್ನು ಮುಟ್ಟಲಿಲ್ಲವಂತೆ. ಮೂರನೆಯ ದಿನ ಬೆಳಿಗ್ಗೆ ಕಪಾಟು ತೆರೆದು, ಒಂದೊಂದೇ ಕೋವಿ ಒರೆಸಿ, ಅದರ ಕಥೆ ಹೇಳಿ, ನಂಬರು ಓದಿ, ಮಗನಿಂದ ಬರೆಸಿದರಂತೆ. ನಾಲ್ಕು ಕೋವಿ, ಇದ್ದಬದ್ದ ಗುಂಡುಗಳೆಲ್ಲ ಪರಿಚಯದ ಕೋವಿ ಅಂಗಡಿಯ ತಿಜೋರಿಗೆ ಹೋದವು. ತಮ್ಮ ಅಪ್ಪನ ಕಾಲದ ರೈಫಲ್ಲನ್ನು ಮಾತ್ರ ಬಿಡಲಿಲ್ಲ. ಅದರ ಗುಂಡು ಹಾರಿಸುವ ಭಾಗ ಕಳಚಿ ಮಗಳ ಕೈಯಲ್ಲಿಟ್ಟು, ಅದಕ್ಕೆ ಬೇರೆ ರಸೀದಿ ಬರೆಸಿಕೊಂಡರು.

"ನನ್ನ ರೈಫಲ್ ಇನ್ನೂ ನನ್ನ ಹತ್ತಿರವೇ ಇದೆ ಜೆಸಿ," ಎಂದ ಡೇಲ್. "ಒಕ್ಲಹೋಮವೇ ಬದಲಾಯಿತು ಅಂತ ನಿನ್ನ ಫೈಲಿನಲ್ಲಿ ಬರೆದುಕೊಳ್ಳಬೇಡ."

'ಯಾಕೆ' ಎಂಬ ಕಾಲಮ್ಮು ನೋಡಿದೆ. ಅಂಕುಡೊಂಕಾಗಿ, ಆ ಮುದುಕರೇ ಬರೆದಿದ್ದರು. 'ಮೊಮ್ಮಕ್ಕಳು ಬಂದು ಮಲಗಲಿ ಎಂದು.' ಬಂದರಾ ಎಂದು ಕೇಳಿದೆ. ಬಂದರು, ಮೂರು ರಾತ್ರಿ ಇದ್ದರು ಎಂದ. ನಾನು ಮೊಹರನ್ನು ಅವನ ಕಡೆ ತಳ್ಳಿದೆ. ಅವನು ಅದನ್ನು ಎತ್ತಿ ಟಪ್ಪೆಂದು ಒತ್ತಿದ.

ಆ ಶುಕ್ರವಾರ ಫೋನಿನಲ್ಲಿ ಪಪ್ಪನಿಗೆ ಎಲ್ಲ ಹೇಳಿದೆ.

"ರಸೀದಿ ಕೊಟ್ಟಿದ್ದಾನಾ ಮಗ?" ಎಂದರು.

"ಕೊಟ್ಟಿದ್ದಾನೆ ಪಪ್ಪಾ."

"ಹಾಂ. ಹಾಗಾದ್ರೆ ತೊಂದರೆ ಇಲ್ಲ."

ಅಡುಗೆಮನೆಯಿಂದ ಮಾಯ್‌ಯ ದನಿ ಕೇಳಿಸಿತು. "ಎಂತ ರಸೀದಿ ಅದು? ಯಾರು ಫೋನಿನಲ್ಲಿ?"

"ಜೆಸಿಂತಾ," ಎಂದು ಪಪ್ಪ ಕೂಗಿ ಹೇಳಿದರು. "ನಿನ್ನ ಎಲೆಕ್ಷನ್ ವಿಷಯ. ಎಣಿಕೆ ಇನ್ನೂ ಮುಗೀಲಿಲ್ಲ ಅಂತೆ. ಆದ್ರೆ ನೀನೇ ಮುಂದೆ ಇದ್ದಿಯಂತೆ!"